ಪೊಟ್ಟಣ ಕಟ್ಟುವ ಡಾಕ್ಟರು

ನಾನು ಡಾಕ್ಟರರ ಜೊತೆ ಜಗಳ ತೆಗೆದ ವರ್ಷ ನನಗೆ ಐವತ್ತಾರು. ಈಗ ಅದಕ್ಕೆ ಹದಿನಾಲ್ಕು ವರ್ಷವಾಯಿತು. ಅವರನ್ನು ನೆನೆದರೆ ಮೊದಲು ಕಣ್ಣ ಮುಂದೆ ಬರುವುದು ಮುಖವಲ್ಲ, ಬಲಗೈ ಹೆಬ್ಬೆರಳಿನ ಉಗುರು. ಉಳಿದ ಉಗುರುಗಳನ್ನೆಲ್ಲ ಚರ್ಮಕ್ಕೆ ಹತ್ತಿ ಕತ್ತರಿಸುತ್ತಿದ್ದರು, ಅದೊಂದನ್ನು ಮಾತ್ರ ಬೆಳೆಸಿದ್ದರು. ಹಳದಿಗೆ ತಿರುಗಿ, ದಪ್ಪಗೆ, ತುದಿಯಲ್ಲಿ ಸ್ವಲ್ಪ ಬಾಗಿತ್ತು. ಗುಳಿಗೆಯನ್ನು ಮೇಜಿನ ಮೇಲಿಟ್ಟು ನಡುವೆ ಉಗುರು ಊರಿ ಒತ್ತಿದರೆ ಟಕ್ಕನೆ ಎರಡು ಹೋಳು. ಪುಡಿ ಉದುರುತ್ತಿರಲಿಲ್ಲ. ಮೊದಲ ಸಲ ಹೋದಾಗ ಆ ಉಗುರು ಸ್ವಚ್ಛ ಇದೆಯೇ ಎಂದು ಕೇಳಿಯೇ ಬಿಟ್ಟಿದ್ದೆ. ಅವರು ಕೈ ಮುಂದೆ ಚಾಚಿ, "ನೋಡು. ನೀ ರೊಟ್ಟಿ ಬಡಿಯೋ ಕೈಗಿಂತ ಸ್ವಚ್ಛ ಅದ" ಎಂದಿದ್ದರು. ಅಂದಿನಿಂದ ನಮ್ಮಿಬ್ಬರ ನಡುವೆ ಮುಚ್ಚುಮರೆಯಿಲ್ಲದ ಮಾತು.

ನಾನು ಕಲಬುರಗಿಯ ಶಹಾಬಜಾರದಲ್ಲಿ ರೊಟ್ಟಿ ಬಡಿದು ಮಾರುವವಳು. ಅವರ ದವಾಖಾನೆ ನಮ್ಮ ಓಣಿಯ ಬಾಯಲ್ಲೇ ಇತ್ತು. ಒಂದು ಕೋಣೆ, ನಡುವೆ ಹಸಿರು ಪರದೆ, ಹೊರಗೆ ಒಂದು ಬೆಂಚು. ದೊಡ್ಡ ಡಾಕ್ಟರಕಿಯನ್ನೇ ಓದಿದವರಂತೆ. ಸರಕಾರಿ ನೌಕರಿ ಬಿಟ್ಟು ಇಲ್ಲಿ ಬಂದು ಕುಳಿತಿದ್ದರು. ಯಾಕೆ ಬಿಟ್ಟರೋ ನನಗೆ ಗೊತ್ತಿಲ್ಲ, ಕೇಳಿದವರಿಗೆ ಅವರು ಹೇಳಲೂ ಇಲ್ಲ. ಮಧ್ಯಾಹ್ನ ಪರದೆಯ ಹಿಂದೆ ಕುಳಿತು ನನ್ನ ರೊಟ್ಟಿಯನ್ನು ಮೊಸರು, ಶೇಂಗಾ ಹಿಂಡಿ ಹಚ್ಚಿಕೊಂಡು ಉಣ್ಣುತ್ತಿದ್ದರು. ರೊಟ್ಟಿ ಒಂದು ಕಡೆ ಕಪ್ಪಾಗಿದ್ದರೆ ಮರುದಿನ ಹೇಳುತ್ತಿದ್ದರು. ಮದ್ದು ನಾಟದಿದ್ದರೆ ನಾನೂ ಮರುದಿನ ಹೇಳುತ್ತಿದ್ದೆ.

ಅವರಲ್ಲಿಗೆ ಹೋದವರು ಯಾರೂ ಔಷಧದ ಹೆಸರು ಕಂಡವರಲ್ಲ. ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ, ಪೇಪರಿನ ಚೌಕ ತುಂಡಿನಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಪಟ್ಟಿ ಅಲ್ಲೇ ಬುಟ್ಟಿಗೆ. ಓದು ಬಾರದವರಿಗೆ ತಿಳಿಯಲೆಂದು ರಾತ್ರಿಯ ಪೊಟ್ಟಣದ ಒಂದು ಮೂಲೆ ಮಡಚಿರುತ್ತಿದ್ದರು. ಇದು ಏತಕ್ಕೆ ಎಂದು ಯಾರಾದರೂ ಬಾಯಿ ತೆರೆದರೆ ಒಂದೇ ಮಾತು: "ಕೇಳಬ್ಯಾಡ, ನುಂಗು."

ಅದಕ್ಕೆ ಅವರದೊಂದು ಕಾರಣವೂ ಇತ್ತು. ಹೆಸರು ತಿಳಿದವನು ಮುಂದಿನ ಸಲ ದವಾಖಾನೆಗೆ ಬರುವುದಿಲ್ಲ, ನೇರ ಅಂಗಡಿಗೆ ಹೋಗಿ ತಾನೂ ತಿಂದು ಬೀಗರಿಗೂ ತಿನ್ನಿಸುತ್ತಾನೆ ಎನ್ನುತ್ತಿದ್ದರು. ಗಂಜ್ ಪೇಟೆಯಲ್ಲಿ ಮೂಟೆ ಹೊರುವ ಹಮಾಲನೊಬ್ಬ ತನ್ನ ಬಿಪಿ ಗುಳಿಗೆಯನ್ನು ತಲೆ ತಿರುಗುತ್ತದೆ ಎಂದ ಹೆಂಡತಿಗೂ ಕೊಟ್ಟು, ಆಕೆಯನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದದ್ದನ್ನು ನಾನೇ ಕಂಡಿದ್ದೇನೆ. ಹಾಗಾಗಿ ಡಾಕ್ಟರರ ಮಾತು ನಮಗೆಲ್ಲ ಸರಿ ಎನ್ನಿಸಿತ್ತು. ಕೈಗುಣ ಇದ್ದವರಿಗೆ ಹೆಸರೇಕೆ ಎಂದುಕೊಂಡಿದ್ದೆವು.

ನನ್ನ ಅಕ್ಕ ಕಮಲಾಪುರದಲ್ಲಿರುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಗ ಸೊಸೆ ಜೊತೆಗಿದ್ದರು. ಕೆಂಪು ಬಾಳೆಯ ತೋಟ ಸ್ವಲ್ಪ, ಉಳಿದದ್ದು ತೊಗರಿ ಹೊಲ. ಅಕ್ಕ ಕೂತು ಉಂಡವಳಲ್ಲ. ಬಾಳೆಗೊನೆಯನ್ನು ತಾನೇ ಇಳಿಸಿ, ಸೊಂಟಕ್ಕೆ ಇಟ್ಟುಕೊಂಡು ರಸ್ತೆಯವರೆಗೆ ತರುತ್ತಿದ್ದಳು. ಆ ವರ್ಷ ಅವಳಿಗೆ ಸರ್ಪಸುತ್ತು ಎದ್ದಿತು. ಬೆನ್ನಿನ ಎಡಭಾಗದಿಂದ ಎದೆಯ ಕೆಳಗಿನವರೆಗೆ ಪಟ್ಟಿ ಕಟ್ಟಿದ ಹಾಗೆ ನೀರುಗುಳ್ಳೆ.

ನಮ್ಮ ಕಡೆ ಸರ್ಪಸುತ್ತಿಗೆ ಜಾಜು ಬರೆಸುತ್ತಾರೆ. ಜಾಜೆಂಬ ಕೆಂಪು ಮಣ್ಣು ಕಲಸಿ, ಗುಳ್ಳೆ ಎದ್ದ ಎರಡೂ ತುದಿಗೆ ಗೆರೆ ಬರೆದು ಹಾವಿಗೆ ದಾರಿ ಕಟ್ಟುವುದು. ಹಾವಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಹೆದರಿಕೆ. ಬರೆಯುವುದು ಭಾನುವಾರ ಮಾತ್ರ, ಅದೂ ಮೂರು ಭಾನುವಾರ. ಬರೆದು ಮುಗಿಯುವತನಕ ಬೇರೆ ಮದ್ದು ಮುಟ್ಟಬಾರದು. ಅಕ್ಕ ಮೂರೂ ಭಾನುವಾರ ಬರೆಸಿಕೊಂಡಳು. ಗುಳ್ಳೆ ಒಣಗಿತು. ಹಾವು ಹೋಯಿತೆಂದು ಸಿಹಿ ಮಾಡಿ ಹಂಚಿದರು. ನನಗೆ ಸುದ್ದಿ ಮುಟ್ಟಿದ್ದು ಆ ಸಿಹಿಯ ಜೊತೆಗೆ.

ಗುಳ್ಳೆ ಹೋಯಿತು, ಉರಿ ಹೋಗಲಿಲ್ಲ. ದಿನ ಹೋದಂತೆ ಹೆಚ್ಚಾಯಿತು. ಹೊಡೆದರೆ ನೋಯುವ ನೋವಲ್ಲ ಅದು, ಬಟ್ಟೆ ತಾಗಿದರೆ ಸಾಕು. ಕುಪ್ಪಸ ತೊಡಲು ಆಗಲಿಲ್ಲ. ಸೆರಗು ಹೊದೆಯಲು ಆಗಲಿಲ್ಲ. ಫ್ಯಾನಿನ ಗಾಳಿಯೂ ಬೇಡ. ಹತ್ತು ಮಂದಿಯ ಮುಂದೆ ಗೊನೆ ಹೊತ್ತು ನಡೆದವಳು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಬರಿ ಬೆನ್ನಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತಳು. ನಾನು ನೋಡಲು ಹೋದಾಗ, ಬೆನ್ನ ಮೇಲೆ ಏನೂ ಕಾಣುತ್ತಿರಲಿಲ್ಲ. ಗುಳ್ಳೆ ಒಣಗಿದ ಕಲೆ ಅಷ್ಟೆ. ಸೊಸೆಗೆ ಅನುಮಾನ, ಮಗನಿಗೆ ಬೇಸರ. ಅಕ್ಕ ನನ್ನ ಕಡೆ ತಿರುಗದೆಯೇ ಹೇಳಿದಳು.

"ಹೊಲದಾಗ ಬಾವಿ ಅದ. ದಾರಿ ನನಗ ಗೊತ್ತದ."

ಅವಳು ಸುಮ್ಮನೆ ಬೆದರಿಸುವವಳಲ್ಲ. ಮರುದಿನವೇ ಮೆತ್ತನೆಯ ಹಳೆಯ ಧೋತರ ಸುತ್ತಿ, ಮಗನ ಜೊತೆ ಜೀಪಿನಲ್ಲಿ ಕೂರಿಸಿಕೊಂಡು ಶಹಾಬಜಾರಕ್ಕೆ ತಂದೆ. ದಾರಿಯುದ್ದಕ್ಕೂ ಪ್ರತಿ ಕುಲುಕಿಗೆ ಅವಳ ಹಲ್ಲು ಕಚ್ಚಿದ ಸದ್ದು ನನಗೆ ಕೇಳುತ್ತಿತ್ತು.

ಡಾಕ್ಟರು ನೋಡಿದರು. ಮೊದಲು ನನ್ನನ್ನು ಬೈದರು. ಗುಳ್ಳೆ ಎದ್ದಾಗ ಎಲ್ಲಿ ಸತ್ತಿದ್ರಿ ಎಂದರು. ಇದು ವೈರಸ್ಸು, ಇದಕ್ಕೆ ಗುಳಿಗೆ ಇದೆ, ಗುಳ್ಳೆ ಎದ್ದ ಎರಡು ಮೂರು ದಿನದೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಈಗ ಅದನ್ನು ಕೊಟ್ಟರೂ ಕೊಡದಿದ್ದರೂ ಒಂದೇ ಎಂದರು. ಆಗಲೇ ಕೊಟ್ಟಿದ್ದರೆ ಈ ಉರಿ ಬರುತ್ತಿರಲಿಲ್ಲವೇ ಎಂದು ಕೇಳಿದೆ. ಬರುತ್ತಲೇ ಇರಲಿಲ್ಲ ಎಂದು ಹೇಳಲಾರೆ, ಆದರೆ ಗುಳ್ಳೆಯಾದರೂ ಅಷ್ಟು ಕಾಡುತ್ತಿರಲಿಲ್ಲ ಎಂದರು. ಜಾಜು ಬರೆಸಬೇಡಿ ಎಂದು ಅವರು ಯಾರಿಗೂ ಹೇಳಿದವರಲ್ಲ. ಬರೆಸಿಕೊಂಡ ದಿನವೇ ಇಲ್ಲಿಗೂ ಬನ್ನಿ ಎನ್ನುತ್ತಿದ್ದರು.

ಆಮೇಲೆ ಅಕ್ಕನನ್ನು ಬಹಳ ಪ್ರಶ್ನೆ ಕೇಳಿದರು. ಎದೆ ಹೊಡೆದುಕೊಳ್ಳುತ್ತದೆಯೇ, ಮೂತ್ರ ಸರಿಯಾಗಿ ಹೋಗುತ್ತದೆಯೇ, ಕಣ್ಣಿನ ತೊಂದರೆ ಇದೆಯೇ, ಬೇರೆ ಗುಳಿಗೆ ಏನು ನುಂಗುತ್ತೀ. ಎಲ್ಲ ಕೇಳಿ, ಒಂದು ಸಣ್ಣ ಗುಳಿಗೆಯನ್ನು ಉಗುರಿನಿಂದ ಎರಡು ಮಾಡಿ, ಮೂಲೆ ಮಡಚಿದ ಪೊಟ್ಟಣ ಕೊಟ್ಟರು. ಬಾಯಿ ಒಣಗುತ್ತದೆ, ಮಂಪರು ಬರುತ್ತದೆ, ಮಲಗಿದಲ್ಲಿಂದ ಗಬಕ್ಕನೆ ಏಳಬೇಡ ಎಂದರು. ಏತಕ್ಕೆ ಎಂದು ಅಕ್ಕ ಕೇಳಿದಳು. ಅದೇ ಉತ್ತರ ಬಂತು. ಕೇಳಬ್ಯಾಡ, ನುಂಗು.

ನುಂಗಿದಳು. ಮೊದಲ ವಾರ ಏನೂ ಇಲ್ಲ. ಎರಡನೇ ವಾರ ನಿದ್ದೆ ಬಂತು. ಹೋಳು ಗುಳಿಗೆ ಇಡೀ ಗುಳಿಗೆಯಾಯಿತು. ಒಂದು ತಿಂಗಳಾಗುವ ಹೊತ್ತಿಗೆ ಸಡಿಲ ಕುಪ್ಪಸ ತೊಟ್ಟು, ಹೊರಕಟ್ಟೆಯ ಮೇಲೆ ಬಂದು ಕುಳಿತು, ತೊಗರಿ ಕೇರುತ್ತಾಳೆ ಎಂದು ಮಗ ಫೋನು ಮಾಡಿದ. ನಾನು ಆ ದಿನ ಡಾಕ್ಟರರಿಗೆ ರೊಟ್ಟಿಯ ಜೊತೆ ಎಣ್ಣೆಗಾಯಿಯನ್ನೂ ಕೊಟ್ಟೆ. ಅವರು, "ಇದು ಯಾತಕ್ಕ?" ಎಂದರು. "ಕೇಳಬ್ಯಾಡ್ರಿ, ನುಂಗ್ರಿ" ಎಂದೆ. ಅವರು ನಕ್ಕದ್ದು ಪರದೆಯ ಆಚೆಗೂ ಕೇಳಿತು.

ಆಮೇಲೆ ಕೆಟ್ಟಿತು.

ಡಾಕ್ಟರು ಯಾವುದೋ ಕಾರ್ಯಕ್ಕೆ ಬೇರೆ ಊರಿಗೆ ಹೋಗಿದ್ದಾಗ ಅಕ್ಕನ ಪೊಟ್ಟಣ ಖಾಲಿಯಾಗುತ್ತ ಬಂತು. ಮಗ ಉಳಿದ ಒಂದು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕಮಲಾಪುರದ ಔಷಧ ಅಂಗಡಿಗೆ ಹೋಗಿ, ಇಂಥದ್ದೇ ಕೊಡು ಎಂದ. ಅಂಗಡಿಯವನು ಬಣ್ಣ ನೋಡಿದ, ಗಾತ್ರ ನೋಡಿದ, ಒಳಗಿನಿಂದ ಒಂದು ಪಟ್ಟಿ ತಂದು ಹೋಲಿಸಿದ. ಆಮೇಲೆ ಅಂಗಡಿಯ ಮುಂದೆ ನಿಂತವರಿಗೆಲ್ಲ ಕೇಳುವ ಹಾಗೆ, ಡಾಕ್ಟರರ ಚೀಟಿ ಇಲ್ಲದೆ ಇದನ್ನು ಕೊಡಲು ಬರುವುದಿಲ್ಲ, ಇದು ತಲೆ ಕೆಟ್ಟವರಿಗೆ ಕೊಡುವ ಗುಳಿಗೆ, ನಿಮ್ಮ ಮನೆಯಲ್ಲಿ ಯಾರಿಗೆ ಹೀಗಾಗಿದೆ ಎಂದ.

ಚೀಟಿ ಕೇಳಿದ್ದು ಸರಿ. ಉಳಿದದ್ದನ್ನು ಮೆಲ್ಲಗೆ ಹೇಳಬಹುದಿತ್ತು.

ಮಗ ಅದನ್ನು ಹಾಗೆಯೇ ತಂದು ಮನೆಯಲ್ಲಿ ಸುರಿದ. ಸಂಜೆಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಸಕ್ಕರೆ ಕೇಳುವ ನೆಪ ಮಾಡಿಕೊಂಡು ಬಂದು ಅಕ್ಕನ ಮುಖ ನೋಡಿ ಹೋದರು. ಅಕ್ಕ ಆ ಗುಳಿಗೆಯನ್ನು ಬಚ್ಚಲಿಗೆ ಎಸೆದಳು. ವಾರ ತುಂಬುವುದರೊಳಗೆ ಉರಿ ತಿರುಗಿ ಬಂತು, ಕುಪ್ಪಸ ಗೂಟಕ್ಕೆ ಹೋಯಿತು, ಒಳಕೋಣೆಯ ಬಾಗಿಲು ಮುಚ್ಚಿತು. ಈ ಸಲ ಊಟವನ್ನೂ ಬಿಡುತ್ತ ಬಂದಳು. ಸೊಸೆ ಅವಳನ್ನು ಹಿತ್ತಲಿಗೂ ಒಬ್ಬಳನ್ನೇ ಬಿಡುತ್ತಿರಲಿಲ್ಲ. ಬಾವಿಯ ಮಾತು ಎಲ್ಲರ ತಲೆಯಲ್ಲೂ ಇತ್ತು.

ನಾನು ಹೋಗಿ, ಆರಾಮ ಆಗಿತ್ತಲ್ಲ, ಯಾವ ರೋಗದ್ದಾದರೇನು, ನುಂಗು ಎಂದೆ. ಅವಳು ಈ ಸಲ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು.

"ನಾ ಉರೀತದ ಅಂದೆ. ನೀವು ಹುಚ್ಚಿ ಅಂದ್ರಿ. ನೀನೂ, ನಿನ್ನ ಡಾಕ್ಟರನೂ ಕೂಡಿ."

ಉರಿಗಿಂತ ಹೆಚ್ಚಾಗಿ ಈ ಮಾತು ಅವಳನ್ನು ತಿನ್ನುತ್ತಿದೆ ಎಂದು ಗೊತ್ತಾಯಿತು. ಬಸ್ಸು ಹತ್ತಿ ಕಲಬುರಗಿಗೆ ಬಂದು, ಮನೆಗೂ ಹೋಗದೆ ನೇರ ದವಾಖಾನೆಗೆ ನುಗ್ಗಿದೆ. ಬೆಂಚಿನ ತುಂಬ ಮಂದಿ. ಪರದೆ ಸರಿಸಿ, ನಮ್ಮ ಅಕ್ಕನಿಗೆ ಹುಚ್ಚಿನ ಗುಳಿಗೆ ಕೊಟ್ಟಿರೇನು ಎಂದು ಕೇಳಿದೆ. ಅವರು ಯಾರದೋ ಎದೆಗೆ ಕೊಳವೆ ಹಚ್ಚಿದ್ದರು. ಕಿವಿಯಿಂದ ತೆಗೆದು, "ಕೊಟ್ಟೀನಿ" ಎಂದರು. ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಬೇಕು.

"ಹೇಳಲಿಲ್ಲ ಯಾಕ?"

"ಹೇಳಿದ್ರ ತಗೋತಿದ್ಲಾ?"

"ತಗೋತಿದ್ಲೋ ಬಿಡ್ತಿದ್ಲೋ, ಅದು ಆಕಿ ಮಾತು. ನಿಮ್ಮದಲ್ಲ."

ಡಾಕ್ಟರು ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡೆ. ಅವರ ಸಿಟ್ಟು ನಾನು ಬಲ್ಲೆ, ಒಬ್ಬ ಕಾರ್ಪೊರೇಟರನನ್ನೇ ಮೆಟ್ಟಿಲು ಇಳಿಸಿದವರು. ಅವರು ಮೇಜಿನ ಮೇಲಿನ ಲವಂಗದ ಡಬ್ಬಿ ತೆಗೆದು, ಒಂದು ಬಾಯಿಗೆ ಹಾಕಿಕೊಂಡು, ಅಗಿದು, ಕೊನೆಗೆ ಕೇಳಿದ್ದು ಇಷ್ಟೇ: "ಭಾನುವಾರ ಕಮಲಾಪುರಕ್ಕ ಎಷ್ಟೊತ್ತಿಗೆ ಬಸ್ ಅದ?"

ಆ ಭಾನುವಾರದ ಸಂಗತಿಯನ್ನು ಕಡೆಗೆ ಹೇಳುತ್ತೇನೆ. ಮೊದಲು ಅವರು ಆಮೇಲೆ ಏನಾದರು ಎಂಬುದನ್ನು ಹೇಳಿ ಮುಗಿಸುತ್ತೇನೆ.

ಅಲ್ಲಿಂದ ಬಂದ ಮೇಲೆ ಅವರು ಪೊಟ್ಟಣ ಕಟ್ಟುವುದನ್ನು ಬಿಟ್ಟರು. ಪಟ್ಟಿಯನ್ನೇ ಕತ್ತರಿಸಿ ಕೊಡುವರು, ಇಲ್ಲವೇ ಚೀಟಿ ಬರೆಯುವರು. ಪ್ರತಿಯೊಬ್ಬನಿಗೂ ಇದು ಏತಕ್ಕೆ, ಇದರ ಮೇಲೆ ಏನು ಬರೆದಿದೆ, ನಿನಗೆ ಏತಕ್ಕೆ ಕೊಡುತ್ತಿದ್ದೇನೆ, ಏನು ತೊಂದರೆ ಆಗಬಹುದು ಎಂದು ಹೇಳಲು ಶುರು ಮಾಡಿದರು. ಒಬ್ಬೊಬ್ಬರಿಗೆ ಅಷ್ಟು ಹೊತ್ತು ಹಿಡಿದರೆ ಬೆಂಚಿನ ಮೇಲಿದ್ದವರು ಗೊಣಗದೆ ಇರುತ್ತಾರೆಯೇ? ಕೆಮ್ಮಿಗೆಂದು ಬಂದ ಮುದುಕನೊಬ್ಬ ತೊಂದರೆಗಳನ್ನೆಲ್ಲ ಕೇಳಿಸಿಕೊಂಡು, ಇದಕ್ಕಿಂತ ಕೆಮ್ಮೇ ಲೇಸು ಎಂದು ಎದ್ದು ಹೋದ. ಕೆಲವರು ದವಾಖಾನೆ ಬದಲಿಸಿದರು. ಮೊದಲಿನ ಕೈಗುಣ ಈಗಿಲ್ಲ ಎಂದರು. ಅದು ಅವರ ಕಿವಿಗೂ ಬಿತ್ತು. ನನ್ನ ಮೇಲೇ ಹಾಕಿದರು. "ರೊಟ್ಟಿ ಅಕ್ಕ, ನಿನ್ನ ಸಲುವಾಗಿ ನನ್ನ ಅರ್ಧ ಗಿರಾಕಿ ಹೋದ್ರು." ಉಳಿದರ್ಧಕ್ಕೆ ತಾವು ನುಂಗುವುದು ಏನೆಂದು ಗೊತ್ತಲ್ಲ ಎಂದೆ.

ಕರೋನಾ ಬಂತು. ಏನೋ ಹುಳದ ಗುಳಿಗೆ ತಿಂದರೆ ಆ ರೋಗ ಬರುವುದಿಲ್ಲವಂತೆ, ಮಲೇರಿಯಾದ ಗುಳಿಗೆ ತಿಂದರೆ ಬಂದದ್ದು ಹೋಗುತ್ತದಂತೆ ಎಂದು ಊರೆಲ್ಲ ಮಾತು. ದವಾಖಾನೆಯ ಬಾಗಿಲಿಗೆ ಹಗ್ಗ ಕಟ್ಟಿ, ಅವರು ಒಳಗೆ, ಬಂದವರು ಹೊರಗೆ. ಒಂದು ದಿನ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯ ಸಾಹುಕಾರನೊಬ್ಬ ಬಂದು ಹುಳದ ಗುಳಿಗೆ ಬರೆದುಕೊಡಿ ಎಂದು ಹಗ್ಗಕ್ಕೆ ಜೋತುಬಿದ್ದ. ಡಾಕ್ಟರು ಒಲ್ಲೆ ಎಂದರು. ನಾನು ಅಲ್ಲೇ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದೆ. ಸಾಹುಕಾರ ಬಿಡಲಿಲ್ಲ.

"ಬೆನ್ನುಬ್ಯಾನಿಗೆ ಹುಚ್ಚಿನ ಗುಳಿಗಿ ಕೊಟ್ಟವ್ರು ನೀವೇ ಅಲ್ರೀ? ಆವಾಗ ಗುಳಿಗಿ ಮ್ಯಾಲೆ ಬರದದ್ದು ಬಿಟ್ಟು ಕೊಟ್ರಿ, ಈಗ್ಯಾಕ ಬರದದ್ದು ಹಿಡ್ಕೊಂಡು ಕುಂತೀರಿ?"

ಒಳ್ಳೆಯ ಪ್ರಶ್ನೆಯೇ. ನನ್ನ ಮನಸ್ಸಿನಲ್ಲೂ ಅದೇ ಇತ್ತು.

"ಅದನ್ನ ಭಾಳ ವರ್ಷ, ಭಾಳ ಮಂದಿ, ಕೊಟ್ಟೂ ನೋಡ್ಯಾರ, ಕೊಡದೇನೂ ನೋಡ್ಯಾರ" ಎಂದರು ಡಾಕ್ಟರು. "ಇದನ್ನ ಇನ್ನೂ ನೋಡಾಕತ್ತಾರ. ನೋಡಿ ಮುಗೀಲಿ. ಖರೇ ಅಂತ ಗೊತ್ತಾದ್ರ ನಾನೇ ಕರದು ಕೊಡ್ತೀನಿ."

ಸಾಹುಕಾರ ಬೇರೆ ಕಡೆ ಬರೆಸಿಕೊಂಡು ತಿಂದ. ಜ್ವರ ಬಂತು, ಹೋಯಿತು. ಗುಳಿಗೆಯಿಂದಲೇ ಉಳಿದೆ ಎಂದು ದವಾಖಾನೆಯ ಮುಂದೆಯೇ ನಿಂತು ಹೇಳಿದ. ಡಾಕ್ಟರು ವಾದ ಮಾಡಲಿಲ್ಲ, ಇರಬಹುದು, ಏನೂ ತಿನ್ನದ ನಿಮ್ಮ ಅಳಿಯನೂ ಉಳಿದನಲ್ಲ ಎಂದರು. ಅವರವರ ಮಾತು ಅವರವರಿಗೆ. ನನಗೆ ತಿಳಿದದ್ದು ಇಷ್ಟೆ. ಅಂದು ಕೊಡುತ್ತೇನೆ ಎಂದದ್ದಕ್ಕೂ ಇಂದು ಕೊಡುವುದಿಲ್ಲ ಎಂದದ್ದಕ್ಕೂ ಕಾರಣವನ್ನು ಅವರು ಬಾಯಿ ಬಿಟ್ಟು ಹೇಳಿದರು. ಬೇರೆಯವರು ಹೇಳಲಿಲ್ಲ.

ಕರೋನಾ ಅವರಿಗೆ ತಾಗಲಿಲ್ಲ. ಅದೆಲ್ಲ ತಣ್ಣಗಾದ ಮೇಲೆ ಒಂದು ಮಧ್ಯಾಹ್ನ ಉಂಡು ಪರದೆಯ ಹಿಂದೆ ಒರಗಿದವರು ಏಳಲಿಲ್ಲ. ನಾನು ಹೋಗಿ ನೋಡಿದೆ. ಮಲಗಿದ ಹಾಗೆಯೇ ಇದ್ದರು. ಹೂ ಹಾಕಿ, ಬಂದು, ಸಂಜೆಯ ರೊಟ್ಟಿಗೆ ಹಿಟ್ಟು ನಾದಿದೆ. ಗಿರಾಕಿಗಳು ಹೇಳಿಟ್ಟಿದ್ದರು, ನಿಲ್ಲಿಸಲು ಬರುವುದಿಲ್ಲ. ಈಗ ಆ ಕೋಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ.

ಇನ್ನು ಆ ಭಾನುವಾರ.

ಡಾಕ್ಟರು ನನ್ನ ಜೊತೆ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಬಂದರು. ಅಂಗಿಯ ಜೇಬಿನಲ್ಲಿ ಒಂದು ಪಟ್ಟಿ ಇತ್ತು, ಬಿಡಿಸದ್ದು. ಮನೆಗೆ ಹೋದಾಗ ಅಕ್ಕ ಬಾಗಿಲು ತೆರೆಯಲಿಲ್ಲ. ಬರಿ ಮೈಯಲ್ಲಿದ್ದವಳು, ತೆರೆಯಬೇಕಾದರೂ ಹೇಗೆ? ಮಗ ಕುರ್ಚಿ ತಂದ. ಡಾಕ್ಟರು ಕುರ್ಚಿ ಬಿಟ್ಟು ಹೊಸ್ತಿಲ ಹೊರಗೆ ನೆಲದ ಮೇಲೆಯೇ, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರು. ಬಾಗಿಲು ಕೈಯಗಲ ತೆರೆಯಿತು. ಒಳಗಿನಿಂದ ಅಕ್ಕ, ಹೊರಗಿನಿಂದ ಅವರು. ಒಬ್ಬರ ಮುಖ ಒಬ್ಬರಿಗೆ ಕಾಣದು. ಸೊಸೆ ತಂದ ಚಹಾ ಅವರ ಪಕ್ಕದಲ್ಲಿ ಆರಿ ಕೆನೆಗಟ್ಟಿತು.

ದವಾಖಾನೆಯಲ್ಲಿ ಅಕ್ಕನಿಗೆ ನೀನು ಎಂದವರು ಅಂದು ನೀವು ಎಂದರು. ಸಣ್ಣವರಿದ್ದಾಗ ನಿಮಗೆ ಅಮ್ಮ ಬಂದಿದ್ದಳಲ್ಲ, ಮೈತುಂಬ ಗುಳ್ಳೆ, ಆ ವೈರಸ್ಸು ಹೋಗದೆ ನರದಲ್ಲಿ ಅಡಗಿ ಕುಳಿತಿತ್ತು, ವಯಸ್ಸಾದ ಮೇಲೆ ಎದ್ದಿತು ಎಂದರು. ಗುಳ್ಳೆ ಒಣಗಿದೆ, ಆದರೆ ನರ ಸುಟ್ಟಿದೆ, ಅದು ಯಾರೂ ಮುಟ್ಟದಿದ್ದರೂ ಕೂಗುತ್ತದೆ.

ಜೇಬಿನಿಂದ ಪಟ್ಟಿ ತೆಗೆದು, ಬಾಗಿಲ ಸಂದಿಯಿಂದ ಹಿಂದಕ್ಕೆ ಕೈ ಚಾಚಿ ಕೊಟ್ಟರು.

"ಇದು ಮನಸ್ಸಿನ ರೋಗಕ್ಕ ಅಂತ ಮಾಡಿದ ಗುಳಿಗಿ. ಅಂಗಡಿಯವ ಹೇಳಿದ್ದು ಸುಳ್ಳಲ್ಲ. ಸಣ್ಣ ಪ್ರಮಾಣದಾಗ ಕೊಟ್ರ ನರದ ಕೂಗು ಕಡಿಮಿ ಮಾಡ್ತದ. ಆದ್ರ ಅದು ಇದರ ಮ್ಯಾಲೆ ಬರದಿಲ್ಲ."

ಒಳಗೆ ಅಕ್ಕ ಪಟ್ಟಿಯನ್ನು ತಿರುಗಿಸಿ ನೋಡುವ ಸಪ್ಪಳ. ಅವಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ.

"ಬರೀದಿದ್ದನ್ನ ಯಾರ ಮಾತಿನ ಮ್ಯಾಲೆ ಕೊಡ್ತೀರಿ?"

ತನ್ನಂಥ ಡಾಕ್ಟರರು ಬಹಳ ಮಂದಿ ಕೊಟ್ಟು ನೋಡಿದ್ದಾರೆ, ಪರೀಕ್ಷೆ ಮಾಡಿ ಬರೆದಿಟ್ಟಿದ್ದಾರೆ, ತಾನೂ ಕೊಟ್ಟು ನೋಡಿದ್ದೇನೆ, ಕೆಲವರಿಗೆ ನಾಟಿದೆ, ಕೆಲವರಿಗೆ ಇಲ್ಲ ಎಂದರು. ಆಗ ಮಗ ನಡುವೆ ಬಾಯಿ ಹಾಕಿ, ಮೇಲೆ ಬರೆಯದಿದ್ದನ್ನು ಕೊಡುವುದು ಕಾನೂನಿಗೆ ತಪ್ಪಲ್ಲವೇ ಎಂದ. ಡಾಕ್ಟರು ಉತ್ತರ ಕೊಡುವ ಮೊದಲೇ ಒಳಗಿನಿಂದ ಅಕ್ಕ ಅವನ ಬಾಯಿ ಮುಚ್ಚಿಸಿದಳು.

"ಹತ್ತಿಗಂತ ಬರದ ಔಷಧಾನ ನೀ ತೊಗರಿಗೆ ಹೊಡೀತಿಯಲ್ಲೋ. ಆವಾಗ ಯಾವ ಕಾನೂನು ಕೇಳಿದ್ದಿ?"

ಡಾಕ್ಟರು ಅಂದು ಮೊದಲ ಸಲ ನಕ್ಕರು. "ಹಂಗೇ ಯವ್ವಾ."

"ಹಂಗ ಹೊಡದು ಬೆಳಿ ಸುಟ್ಟುಕೊಂಡವ್ರೂ ಅದಾರ್ರೀ."

"ಅದಾರ. ಅದಕ್ಕೇ ಮೊದಲು ಅರ್ಧ ಕೊಟ್ಟು ನೋಡಿದ್ದು."

ಅಕ್ಕನ ಮನಸ್ಸಿನಲ್ಲಿದ್ದದ್ದು ಗುಳಿಗೆಯಲ್ಲ ಎಂದು ನನಗೆ ಗೊತ್ತಿತ್ತು. ಅದು ಆಮೇಲೆ ಬಂತು, ಸಣ್ಣ ದನಿಯಲ್ಲಿ.

"ನನ್ನ ಉರಿ ಖರೇ ಅದ ಅಂತ ನಿಮಗ ಆವತ್ತೇ ಗೊತ್ತಿತ್ತೇನ್ರೀ?"

"ಗೊತ್ತಿತ್ತು. ಧೋತರದ ಅಂಚು ತಾಗಿದಾಗ ನಿಮ್ಮ ಬೆನ್ನಿನ ಚರ್ಮ ನಡುಗಿದ್ದು ನೋಡೀನಿ. ಅದನ್ನ ಯಾರೂ ಬೇಕಂತ ನಡುಗಿಸಾಕ ಆಗಂಗಿಲ್ಲ."

"ಅದನ್ನ ಆವತ್ತೇ ಹೇಳಬೇಕಿತ್ತು."

"ಹೇಳಬೇಕಿತ್ತು" ಎಂದರು.

ಅದಕ್ಕಿಂತ ಹೆಚ್ಚು ಒಂದು ಮಾತೂ ಸೇರಿಸಲಿಲ್ಲ. ಕಾರಣ ಹೇಳಲಿಲ್ಲ, ಗಂಜಿನ ಹಮಾಲನ ಕತೆ ಹೇಳಲಿಲ್ಲ. ನಾನು ಕಾಯುತ್ತಿದ್ದೆ, ಅವರು ಹೇಳಿದ್ದರೆ ಅಲ್ಲೇ ಅವರನ್ನು ತಡೆಯುತ್ತಿದ್ದೆ.

ವಿಚಾರ ಮಾಡುತ್ತೇನೆ, ನೀವು ಹೊರಡಿ, ಬಸ್ಸು ತಪ್ಪುತ್ತದೆ ಎಂದಳು ಅಕ್ಕ. ಪಟ್ಟಿಯನ್ನು ಸಂದಿಯಿಂದ ತಿರುಗಿ ಕೊಟ್ಟಳು. ಇಲ್ಲೇ ಇಟ್ಟು ಹೋಗಿ ಎಂದು ನಾನು ಡಾಕ್ಟರರಿಗೆ ಕಣ್ಸನ್ನೆ ಮಾಡಿದೆ. ಅವರು ತಲೆ ಅಲ್ಲಾಡಿಸಿ ಜೇಬಿಗೆ ಹಾಕಿಕೊಂಡರು. ಇಟ್ಟು ಹೋದರೆ ಒತ್ತಾಯ ಮಾಡಿದ ಹಾಗಾಗುತ್ತದೆ ಎಂದರು. ಒಂದು ಚೀಟಿ ಬರೆದು ಮಗನ ಕೈಗೆ ಕೊಟ್ಟು, ಬೇಡವೆಂದರೆ ಹರಿದು ಹಾಕಿ ಎಂದರು. ಸೊಸೆ ಕೊಟ್ಟ ಕೆಂಪು ಬಾಳೆಹಣ್ಣನ್ನು ನಿಂತುಕೊಂಡೇ ತಿಂದು, ಸಿಪ್ಪೆಯನ್ನು ಎಮ್ಮೆಯ ಮುಂದೆ ಹಾಕಿ ಹೊರಟರು. ನಾನು ಉಳಿದೆ. ಅಕ್ಕನನ್ನು ಹಾಗೆ ಬಿಟ್ಟು ಹೋಗುವ ಧೈರ್ಯ ನನಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಕ್ಕ ನನ್ನನ್ನು ಒಳಗೆ ಕರೆದಳು. ಚೀಟಿ ಎಲ್ಲಿದೆ ಎಂದು ಕೇಳಿದಳು. ಇದೆ ಎಂದೆ.

"ತಗೋತೀನಿ. ಆದ್ರ ಕದ್ದು ತಗೊಳ್ಳಂಗಿಲ್ಲ. ನಾಳೆ ನೀನೇ ಹೋಗು. ಆ ಅಂಗಡಿಗೇ ಹೋಗು."

ಮುಂದೆ ಅವಳ ಉರಿ ಪೂರ್ತಿ ಹೋಗಲಿಲ್ಲ. ಬೆನ್ನಿನ ಮೇಲೆ ಅಂಗೈಯಗಲ ಜಾಗ ಕೊನೆಯವರೆಗೂ ಬಟ್ಟೆ ಒಲ್ಲೆ ಎನ್ನುತ್ತಿತ್ತು. ಆದರೆ ಕುಪ್ಪಸ ತೊಟ್ಟಳು, ಕಟ್ಟೆಗೆ ಬಂದಳು, ಮತ್ತೆ ತೋಟಕ್ಕೆ ಹೋದಳು. ಎರಡು ವರ್ಷದ ಮೇಲೆ ಡಾಕ್ಟರೇ ಸ್ವಲ್ಪ ಸ್ವಲ್ಪ ಇಳಿಸಿ ಆ ಗುಳಿಗೆ ಬಿಡಿಸಿದರು. ಬಾವಿಯ ಮಾತನ್ನು ಅವಳು ಇನ್ನೊಮ್ಮೆ ಆಡಲಿಲ್ಲ. ಗುಳಿಗೆ ಎಷ್ಟು ಮಾಡಿತೋ, ನೆಲದ ಮೇಲೆ ಕುಳಿತು ಆಡಿದ ಆ ಮಾತು ಎಷ್ಟು ಮಾಡಿತೋ, ಅಳೆಯಲು ನನಗೆ ಬರುವುದಿಲ್ಲ.

ಆ ಭಾನುವಾರದ ಮರುದಿನ ಬೆಳಿಗ್ಗೆ ಮುಖ ತೊಳೆದು, ಚಹಾ ಕುಡಿದು, ಚೀಟಿ ಹಿಡಿದು ಆ ಔಷಧ ಅಂಗಡಿಗೆ ಹೋದೆ. ಅಂಗಡಿಯವನು ಆಗಷ್ಟೇ ತೆರೆದಿದ್ದ. ಹಾಲು ಹಾಕಿ ಬಂದವರು, ಬಸ್ಸಿಗೆ ಕಾದವರು ಸುತ್ತ ನಿಂತಿದ್ದರು. ಅವನು ಚೀಟಿ ಓದಿದ, ನನ್ನ ಮುಖ ನೋಡಿದ, ದನಿ ತಗ್ಗಿಸಿ, ಇದು ಗೊತ್ತಲ್ಲ ಅವ್ವಾ ಎಂದ. ಮೆಲ್ಲಗೆ ಯಾಕೆ, ಅವತ್ತಿನ ಹಾಗೆ ಜೋರಾಗಿಯೇ ಹೇಳು ಎಂದೆ. ಅವನು ಅತ್ತಿತ್ತ ನೋಡಿ, ಮನಸ್ಸಿನ ರೋಗಕ್ಕೆ ಕೊಡುವ ಗುಳಿಗೆ ಎಂದ. ನಿಂತವರು ತಿರುಗಿದರು.

"ಹೌದಪ್ಪ, ಅದಕ್ಕೂ ಕೊಡ್ತಾರ" ಎಂದೆ. "ನಮ್ಮ ಅಕ್ಕಗ ಸರ್ಪಸುತ್ತಿನ ಉರಿಗೆ ಕೊಟ್ಟಾರ. ಇನ್ನ ಮ್ಯಾಲೆ ಯಾರರೆ ಕೇಳಿದ್ರ ಎರಡೂ ಹೇಳು."

ಅವನು ಹೂಂ ಎಂದ. ಪಟ್ಟಿ ಕೊಟ್ಟ. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಕೈಯಲ್ಲಿ ಕಾಣುವ ಹಾಗೆ ಹಿಡಿದುಕೊಂಡು, ಅಕ್ಕನ ಓಣಿಯ ನಟ್ಟನಡುವೆ ನಡೆದು ಮನೆಗೆ ಹೋದೆ.